ಉಂಬುದೆಲ್ಲಿ, ಮನಿಕಂಬುದೆಲ್ಲಿ: ಒಂದು ಯೂನಿವರ್ಸಿಟಿ ಗುಡ್ಡದ ಚರಿತ್ರೆ

ಡಿಗ್ರಿಗೆ ಅರ್ಜಿ ಹಾಕುವ ದಿವಸ ನಮ್ಮಪ್ಪ ಕೇಳಿದ್ದು ಎರಡೇ ಮಾತು.

“ತಮಾ, ಉಂಬುದೆಲ್ಲಿ? ಮನಿಕಂಬುದೆಲ್ಲಿ?”

ಯಾವ ವಿಷಯ ಓದುತ್ತೀ ಅಂತ ಕೇಳಲಿಲ್ಲ. ಓದಿ ಏನಾಗುತ್ತೀ ಅಂತಲೂ ಕೇಳಲಿಲ್ಲ. ಅದನ್ನೆಲ್ಲ ಕೇಳಲಿಕ್ಕೆ ಅವನ ಹತ್ತಿರ ಮಾತಿರಲಿಲ್ಲ. ನಮ್ಮ ಮನೆಯಲ್ಲಿ ಆ ದಾರಿಯಲ್ಲಿ ಹೋಗಿ ಬಂದವರು ಯಾರೂ ಇಲ್ಲ. ಸಿದ್ದಾಪುರ ತಾಲೂಕಿನ ಒಂದು ಕೇರಿ ನಮ್ಮದು. ಹಿಂದೆ ಕಾಡು, ಮುಂದೆ ಇನ್ನೊಬ್ಬರ ಅಡಿಕೆ ತೋಟ. ಆ ತೋಟಕ್ಕೆ ಸೊಪ್ಪು ಹೊತ್ತು, ಗೊಬ್ಬರ ಹೊತ್ತು ಬೆನ್ನು ಬಾಗಿದವನಿಗೆ ಒಂದು ಗೊತ್ತಿತ್ತು: ಮನುಷ್ಯ ಎಲ್ಲಿಗೆ ಹೋದರೂ ಹಸಿವಾಗುತ್ತದೆ, ಕತ್ತಲಾಗುತ್ತದೆ.

ಆ ಪ್ರಶ್ನೆಯನ್ನು ಬಹಳ ದಿನ ಬಡವನ ಅಂಜಿಕೆ ಅಂತಲೇ ತಿಳಿದಿದ್ದೆ. ಈಗ ಅನ್ನಿಸುತ್ತದೆ, ಅದು ನಕ್ಷೆ ಬರೆಯುವ ಇಂಜಿನಿಯರನ ಪ್ರಶ್ನೆ. ವಿಶ್ವವಿದ್ಯಾಲಯಕ್ಕೆ ಜಾಗ ಹುಡುಕಿ, ನೂರಾರು ಎಕರೆ ಅಳೆದು, ಐವತ್ತು ವರ್ಷ ಮುಂದಕ್ಕೆ ಗೆರೆ ಎಳೆಯುವವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ. ಒಂದು ಕ್ಯಾಂಪಸ್ಸು ಯಾರಿಗಾಗಿ ಅಂತ ಬಾಗಿಲ ಮೇಲೆ ಕೆತ್ತಿದ ಧ್ಯೇಯವಾಕ್ಯ ಹೇಳುವುದಿಲ್ಲ. ನಕ್ಷೆಯ ಮೊದಲ ಗೆರೆ ಎಲ್ಲಿ ಬಿತ್ತು ಅನ್ನುವುದು ಹೇಳುತ್ತದೆ. ಆ ಗೆರೆಯ ಚರಿತ್ರೆ ಹುಡುಕುತ್ತ ಶಿರಸಿ, ಮುಂಡಗೋಡ, ತಡಸ ದಾಟಿ ಧಾರವಾಡದ ಗುಡ್ಡದ ತನಕ ಹೋಗಿ ಬಂದೆ. ಅಲ್ಲಿ ಕಂಡದ್ದನ್ನೂ ಓದಿದ್ದನ್ನೂ ಇಲ್ಲಿ ಬರೆಯುತ್ತೇನೆ.

ಧಾರವಾಡವೇ ಯಾಕೆ ಅಂತ ಕೇಳಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಡಿಗ್ರಿ ಕಾಲೇಜುಗಳ ಹುಡುಗರ ಮಾರ್ಕ್ಸ್ ಕಾರ್ಡಿನ ಮೇಲೆ ಬೀಳುವ ಮೊಹರು ಅಲ್ಲಿಯದು. ಕೆನರಾ ಜಿಲ್ಲೆಯನ್ನು ಎರಡು ಹೋಳು ಮಾಡಿ, 1862ರಲ್ಲಿ ನಮ್ಮ ಬಡಗು ಹೋಳನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಕೊಟ್ಟರು. ಅಂದಿನಿಂದ ಘಟ್ಟದ ಮೇಲಿನ ನಮಗೆ ದೊಡ್ಡ ಓದು ಅಂದರೆ ಧಾರವಾಡ. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ತೋಟ ಇದ್ದವರ ಮಕ್ಕಳಿಗೆ ಆ ದಾರಿಯ ಕೊನೆಗೆ ಒಬ್ಬ ನೆಂಟ ಇರುತ್ತಿದ್ದ, ಒಂದು ಮಠ ಇರುತ್ತಿತ್ತು, ಜಾತಿಯವರು ಕಟ್ಟಿಸಿದ ಬೋರ್ಡಿಂಗು ಇರುತ್ತಿತ್ತು. ನಮಗೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚು.

*

ಧಾರವಾಡದ ವಿದ್ಯೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1917ರಿಂದ ಶುರುಮಾಡುತ್ತಾರೆ. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರ ಓಡಾಟದಿಂದ ಕರ್ನಾಟಕ ಕಾಲೇಜು ಹುಟ್ಟಿದ ವರ್ಷ ಅದು. ನಾನು 1856ರಿಂದ ಶುರುಮಾಡುತ್ತೇನೆ.

ಆ ವರ್ಷ ಧಾರವಾಡದ ಸರಕಾರಿ ಶಾಲೆಗೆ ಒಬ್ಬ ಮಹಾರ ಹುಡುಗ ಬಂದ. ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನೆ ಮನೆಗೆ ಹೋಗಲಿಲ್ಲ, ಸರಕಾರಕ್ಕೇ ಅರ್ಜಿ ಹಾಕಿದ. ಮುಂಬಯಿ ಸರಕಾರ ತಲೆ ಕೆರೆದುಕೊಂಡಿತು. ನ್ಯಾಯ ಹುಡುಗನ ಕಡೆಗಿದೆ ಅಂತ ಅದಕ್ಕೆ ಗೊತ್ತಿತ್ತು. ಆದರೆ ಒಬ್ಬನನ್ನು ಒಳಗೆ ಬಿಟ್ಟರೆ ಉಳಿದವರೆಲ್ಲ ಎದ್ದು ಹೋಗುತ್ತಾರೆ, ಶಾಲೆಯೇ ನಿಂತು ಹೋಗುತ್ತದೆ ಎಂದು ಲೆಕ್ಕ ಹಾಕಿ ಕೈ ತೊಳೆದುಕೊಂಡಿತು. ಕಾಗದ ಕಲ್ಕತ್ತೆಗೆ ಹೋಯಿತು, ಕಡಲು ದಾಟಿ ಲಂಡನ್ನಿನ ಕಂಪನಿ ಡೈರೆಕ್ಟರರ ಮೇಜಿನ ತನಕ ಹೋಯಿತು. ಸರಕಾರಿ ಶಾಲೆ ಯಾವ ಜಾತಿಗೂ ಮುಚ್ಚಿರಬಾರದು ಎಂಬ ತತ್ವವನ್ನು ಅವರು ಎತ್ತಿ ಹಿಡಿದರು. 1882ರ ಹಂಟರ್ ಆಯೋಗ ಈ ಪ್ರಸಂಗವನ್ನು ನೆನೆಯಿತು. ಮುಂದೆ ಬಾಬಾಸಾಹೇಬ ಅಂಬೇಡ್ಕರರು ಸೈಮನ್ ಆಯೋಗದ ಮುಂದೆ ನಮ್ಮವರ ವಿದ್ಯೆಯ ಸ್ಥಿತಿ ವಿವರಿಸುವಾಗ ಇದನ್ನೇ ಎತ್ತಿ ತೋರಿಸಿದರು.

ಹಾಗಾಗಿ ತತ್ವ ನಮಗೆ ಬಂದು ನೂರಾ ಅರವತ್ತು ವರ್ಷಕ್ಕೂ ಮಿಕ್ಕಿತು. ಅಂದಿನಿಂದ ಇಂದಿನ ತನಕ ಸಿಗದೆ ಇರುವುದು ಜಾಗ.

ಕರ್ನಾಟಕ ಕಾಲೇಜಿಗೆ ಜಾಗ ಸಿಕ್ಕಿದ ಕತೆ ನೋಡಿ. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿ ಮದರಾಸ್ ರೈಲ್ವೆಯ ಸಂಗಡ ಕೂಡಿಕೊಂಡಿತು, ಕಚೇರಿ ಮದರಾಸಿಗೆ ಎದ್ದಿತು. ರೈಲ್ವೆ ಸಾಹೇಬರು ಬಿಟ್ಟುಹೋದ ಆ ಭವ್ಯ ಕಲ್ಲು ಕಟ್ಟಡ ಕಾಲೇಜಿಗೆ ಒದಗಿತು. ವಿದ್ಯೆಗೆ ಕಟ್ಟಡ ತಾನಾಗಿಯೇ ಸಿಕ್ಕಿಬಿಟ್ಟಿತ್ತು. ಆದರೆ ಆ ಕಟ್ಟಡದ ತನಕ ನಡೆದು ಬರುವ ಹೊಲೆಯರ, ಮಾದಿಗರ ಹುಡುಗ ರಾತ್ರಿ ಎಲ್ಲಿರಬೇಕು?

ಇದನ್ನು ಕೇಳಿದವರು ಅಂಬೇಡ್ಕರರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದರು. ಅದರ ಮೊದಲ ಕೆಲಸಗಳಲ್ಲಿ ಒಂದು 1925ರ ಜನವರಿಯಲ್ಲಿ ಸೋಲಾಪುರದಲ್ಲಿ ತೆರೆದ ಹಾಸ್ಟೆಲು. ಅವರಿಗೂ ಮೊದಲು ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಜಾತಿ ಜಾತಿಗೆ ವಸತಿಗೃಹ ತೆರೆದು ಹಾದಿ ಹಾಕಿದ್ದರು. 1928ರಲ್ಲಿ ಮುಂಬಯಿ ಸರಕಾರ ದಲಿತ ವರ್ಗದ ಹೈಸ್ಕೂಲು ಹುಡುಗರಿಗೆ ಐದು ಹಾಸ್ಟೆಲು ಮಂಜೂರು ಮಾಡಿತು. ಅದೇ ವರ್ಷ ಬಾಬಾಸಾಹೇಬರು ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಅವನ್ನು ನಡೆಸುವ ಭಾರ ಹೊತ್ತಿತು. ಪನವೇಲ, ಠಾಣೆ, ನಾಸಿಕ, ಪುಣೆ ಮತ್ತು ಧಾರವಾಡ. ಗೆಳೆಯರೇ, ಐದನೆಯ ಹೆಸರನ್ನು ಮತ್ತೊಮ್ಮೆ ಓದಿ. ಕನ್ನಡ ನಾಡಿಗೆ ಆ ಪಟ್ಟಿಯಲ್ಲಿ ಸಿಕ್ಕಿದ್ದು ಒಂದೇ, ಅದು ಧಾರವಾಡದಲ್ಲಿ. ವಿಶ್ವವಿದ್ಯಾಲಯ ಹುಟ್ಟುವ ಇಪ್ಪತ್ತೊಂದು ವರ್ಷ ಮೊದಲೇ ವಿಶ್ವವಿದ್ಯಾಲಯಕ್ಕೆ ಬೇಕಾದ ಮೊದಲ ಗೆರೆಯನ್ನು ಅಂಬೇಡ್ಕರರು ಆ ಊರಿನ ಮಣ್ಣಿನ ಮೇಲೆ ಎಳೆದು ತೋರಿಸಿದ್ದರು.

ಆರು ವರ್ಷದ ನಂತರ, 1934ರಲ್ಲಿ, ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಶಿರಸಿಗೆ ಬಂದರು. ಮಾರಿಕಾಂಬೆಗೆ ಕೋಣ ಕಡಿಯುವುದು ನಿಂತದ್ದು ಆ ಕಾಲದಲ್ಲೇ. ಶಿರಸಿಯಲ್ಲಿ ಇವತ್ತಿಗೂ ಆ ಮಾತು ಹೆಮ್ಮೆಯಿಂದ ಹೇಳುತ್ತಾರೆ. ಹೇಳಲಿ, ನನಗೆ ಜಗಳವಿಲ್ಲ. ಆದರೆ ದೇವಿಯ ಬಾಗಿಲಲ್ಲಿ ನಿಂತವನು ಸಂಜೆ ಕೇರಿಗೇ ತಿರುಗಬೇಕು. ಹಾಸ್ಟೆಲಿನ ಬಾಗಿಲು ದಾಟಿದವನು ಅಲ್ಲೇ ಉಂಡು, ಅಲ್ಲೇ ಮಲಗಿ, ಬೆಳಿಗ್ಗೆ ಎದ್ದು ಪುಸ್ತಕ ಹಿಡಿಯುತ್ತಾನೆ. ನಮ್ಮ ನಾಡಿನ ಚರಿತ್ರೆ ಮೊದಲ ಬಾಗಿಲನ್ನು ನೆನಪಿಟ್ಟುಕೊಂಡಿತು. ಎರಡನೆಯದನ್ನು ಮರೆಯಿತು.

*

ಈಗ ಗುಡ್ಡಕ್ಕೆ ಬರುತ್ತೇನೆ.

ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಅದೂ ಮುಂಬಯಿಯಲ್ಲಿ. ಕನ್ನಡ ನಾಡು ಆಗ ತುಂಡು ತುಂಡಾಗಿತ್ತು. ನಮ್ಮ ಭಾಗದ ಶಾಸನ ಸಭೆ, ಸರಕಾರ ಎಲ್ಲ ಮುಂಬಯಿಯಲ್ಲೇ. 1950ರಲ್ಲಿ ಕಚೇರಿ ಧಾರವಾಡಕ್ಕೆ ಬಂತು. ಮೊದಲ ಕುಲಪತಿಗಳು ನ್ಯಾಯಮೂರ್ತಿ ಆರ್.ಎ. ಜಹಗೀರದಾರರು. 1954ರಲ್ಲಿ ಡಿ.ಸಿ. ಪಾವಟೆಯವರು ಬಂದರು, 1967ರ ತನಕ ಇದ್ದರು. ಗೋಕಾಕ ತಾಲೂಕಿನ ಮಮದಾಪುರದವರು, ಕೇಂಬ್ರಿಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು, ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆ ನಡೆಸಿದವರು. ಊರಿನ ಅಂಚಿಗೆ ಛೋಟಾ ಮಹಾಬಳೇಶ್ವರ ಅನ್ನುವ ಗುಡ್ಡ. ಅಲ್ಲಿ ಏಳುನೂರೈವತ್ತು ಎಕರೆಗೂ ಮಿಕ್ಕಿದ ಜಾಗದಲ್ಲಿ ಕ್ಯಾಂಪಸ್ಸು ಎದ್ದಿತು. ಇವತ್ತು ಅದಕ್ಕೆ ಪಾವಟೆ ನಗರ ಅಂತಲೇ ಹೆಸರು. ಬಸವನಾಳರ ಹೆಸರಿನ ಗ್ರಂಥಾಲಯ, ಸಸ್ಯೋದ್ಯಾನ, ವಿಭಾಗ ವಿಭಾಗಕ್ಕೆ ಕಟ್ಟಡ, ನಡುವೆ ಸಾಲುಮರದ ರಸ್ತೆ.

ಪಾವಟೆಯವರನ್ನು ನಾನು ಹೀಗಳೆಯುವುದಿಲ್ಲ. ಪದವಿ ಓದುವವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಅಷ್ಟು ದೊಡ್ಡ ಜಾಗ ಹಿಡಿದಿಟ್ಟದ್ದು ದೂರದೃಷ್ಟಿಯೇ. ಇವತ್ತು ಅಲ್ಲಿ ಹೊಸ ವಿಭಾಗ ಬಂದರೆ ಜಾಗಕ್ಕೆ ಪರದಾಡಬೇಕಿಲ್ಲ. ವಿಶ್ವವಿದ್ಯಾಲಯದ ಭೂಮಿಯನ್ನು ಯೋಜಿಸುವುದು ಅಂದರೆ ಇದೇ: ಇವತ್ತಿನ ನೂರು ಹುಡುಗರಿಗೆ ಬೇಕಾದಷ್ಟು ಕಟ್ಟಿ, ನಾಳೆಯ ಹತ್ತು ಸಾವಿರ ಮಂದಿಗೆ ಬೇಕಾದಷ್ಟು ನೆಲ ಖಾಲಿ ಬಿಡುವುದು.

ಆ ಕಾಲದಲ್ಲಿ ಎಲ್ಲ ಕಡೆಗೂ ಇದೇ ಹುಮ್ಮಸ್ಸು. ಮೈಸೂರಿನಲ್ಲಿ 1960ರಲ್ಲಿ ಮಾನಸಗಂಗೋತ್ರಿ ಆಯಿತು, ಹೆಸರಿಟ್ಟವರು ಕುವೆಂಪು. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯಕ್ಕೆ, ಜ್ಞಾನಭಾರತಿಗೆ ಒಂದೊಂದಕ್ಕೂ ಸಾವಿರ ಎಕರೆ ದಾಟಿತು. ಅಚ್ಯುತ ಕಾನ್ವಿಂದೆಯಂಥ ಹೆಸರಾಂತ ವಾಸ್ತುಶಿಲ್ಪಿಗಳು ನಕ್ಷೆ ಹಾಕಿದರು. ಆಮೇಲೆ ಮಂಗಳಗಂಗೋತ್ರಿ, ಜ್ಞಾನಗಂಗಾ, ಜ್ಞಾನಸಹ್ಯಾದ್ರಿ. ಎಲ್ಲವೂ ಹೊಳೆಯ ಹೆಸರು, ಬೆಟ್ಟದ ಹೆಸರು. ಗಂಗೋತ್ರಿ ಅಂದರೆ ನೀರು ಹುಟ್ಟುವ ಜಾಗ. ಹೆಸರು ಚಂದವೇ. ಆದರೆ ಊರ ಬಾವಿಯ ಹಗ್ಗ ಮುಟ್ಟಲಾರದೆ, ಯಾರಾದರೂ ಸೇದಿ ಮೇಲಿಂದ ಸುರಿಯಲಿ ಅಂತ ಕೊಡ ಹಿಡಿದು ನಿಂತವಳ ಮೊಮ್ಮಗ ನಾನು. ನೀರಿನ ಹೆಸರು ಕೇಳಿದರೆ ನನಗೆ ಮೊದಲು ನೆನಪಾಗುವುದು ಸರದಿ.

ನಕ್ಷೆ ಹೇಗೆ ಹುಟ್ಟುತ್ತದೆ ಅಂತ ತಿಳಿದುಕೊಂಡರೆ ಮೊದಲ ಗೆರೆಯ ಮಾತು ಅರ್ಥವಾಗುತ್ತದೆ. ಮೊದಲು ನೆಲದ ಏರುತಗ್ಗು ಅಳೆಯುತ್ತಾರೆ. ಮಳೆನೀರು ಯಾವ ಕಡೆ ಹರಿಯುತ್ತದೆ ನೋಡುತ್ತಾರೆ. ಎತ್ತರದಲ್ಲಿ ನೀರಿನ ಟಾಕಿ, ತಗ್ಗಿನಲ್ಲಿ ಕೊಳೆನೀರಿನ ದಾರಿ. ನಟ್ಟ ನಡುವೆ ಆಡಳಿತ ಭವನ, ಸುತ್ತ ಪಾಠದ ಕಟ್ಟಡ, ಅದರಾಚೆ ಮನೆಗಳು. ಮನೆಗಳಿಗೆ ದರ್ಜೆ: ಪ್ರೊಫೆಸರರದ್ದು ಒಂದು ನಮೂನೆ, ಗುಮಾಸ್ತರದ್ದು ಇನ್ನೊಂದು, ಜವಾನರದ್ದು ಮತ್ತೊಂದು. ಬಹಳ ಕಡೆ ಹಾಸ್ಟೆಲು ಬರುವುದು ಇವೆಲ್ಲ ಆದಮೇಲೆ, ಹಣ ಉಳಿದರೆ.

ಈ ನಮೂನೆ ನೋಡಿದಾಗ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ನೋಡಿದ್ದು ನಮ್ಮೂರಲ್ಲೇ! ಎತ್ತರದಲ್ಲಿ ದೇವಸ್ಥಾನ, ಪಕ್ಕಕ್ಕೆ ಅಗ್ರಹಾರ, ಆಮೇಲೆ ಪೇಟೆ, ನೀರು ಇಳಿದು ಹೋಗುವ ತುದಿಯಲ್ಲಿ ಕೇರಿ. ಈ ದೇಶದ ಎಲ್ಲಕ್ಕಿಂತ ಹಳೇ ಮಾಸ್ಟರ್ ಪ್ಲಾನು ಅದು. ಸಾವಿರಾರು ವರ್ಷ ಮುಂದಕ್ಕೆ ಹಾಕಿದ ಪ್ಲಾನು, ಇನ್ನೂ ಜಾರಿಯಲ್ಲಿದೆ. ಅದನ್ನು ಬರೆದವನಿಗೂ ಒಂದೇ ಪ್ರಶ್ನೆ ಇತ್ತು: ಯಾರು ಎಲ್ಲಿ ಮಲಗಬೇಕು?

ಇನ್ನೊಂದು ಮಾತು. ಕೊಳೆನೀರಿನ ಕೊಳವೆ ಎಲ್ಲಿ ಹೋಗುತ್ತದೆ ಅಂತ ನಕ್ಷೆಯಲ್ಲಿ ಇರುತ್ತದೆ. ಅದು ಕಟ್ಟಿಕೊಂಡ ದಿವಸ ಒಳಗೆ ಇಳಿಯುವವನು ಯಾರು ಅಂತ ಇರುವುದಿಲ್ಲ. ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸಲು ಹೊರಟವರು 1970ರ ದಶಕದ ಮಂತ್ರಿ ಬಿ. ಬಸವಲಿಂಗಪ್ಪನವರು. 1973ರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದಾಗ ಬೀದಿಗೆ ಬಂದು ಗಲಾಟೆ ಮಾಡಿದವರು ಕಾಲೇಜು ಹುಡುಗರು. ದೇಶದ ಕಾನೂನು 1993ರಲ್ಲೊಮ್ಮೆ, 2013ರಲ್ಲೊಮ್ಮೆ ಆ ಕೆಲಸವನ್ನು ನಿಷೇಧಿಸಿತು. ಹಾಗಾದರೆ ಮ್ಯಾನ್‌ಹೋಲಿಗೆ ಮನುಷ್ಯ ಇಳಿಯಬೇಕಾಗದಂತೆ ಗುಂಡಿ, ಕೊಳವೆ, ಯಂತ್ರದ ದಾರಿ ಹಾಕುವುದೂ ನಕ್ಷೆಯವನ ಕೆಲಸವೇ. ಜಾತಿ ನಾಶ ಬರೀ ಭಾಷಣದ ವಿಷಯ ಅಲ್ಲ ಮಾರಾಯರೇ, ಕೊಳವೆಯ ಅಗಲದ ವಿಷಯವೂ ಹೌದು.

*

ಧಾರವಾಡದಿಂದ ಮತ್ತೆ ನಮ್ಮ ಘಟ್ಟಕ್ಕೆ ಬನ್ನಿ. ದೀರ್ಘಕಾಲದ ಯೋಜನೆ ಅನ್ನುವುದು ನಮಗೆ ಹೊಸದಲ್ಲ. ವಿಶ್ವವಿದ್ಯಾಲಯಕ್ಕೂ ಮೊದಲೇ ಅದು ಅರಣ್ಯ ಇಲಾಖೆಯ ಉಡುಪು ಹಾಕಿಕೊಂಡು ಬಂದಿತ್ತು.

1878ರ ಕಾಯ್ದೆ ಬಂತು, 1927ರ ಕಾಯ್ದೆ ಬಂತು. ಕಾಡನ್ನು ಬ್ಲಾಕು, ಕಂಪಾರ್ಟ್‌ಮೆಂಟು ಅಂತ ಗೆರೆ ಹಾಕಿ ನಂಬರು ಕೊಟ್ಟರು. ಇಂಥ ವರ್ಷ ಇಲ್ಲಿ ಕಡಿಯಬೇಕು, ಇಂಥ ವರ್ಷ ಇಲ್ಲಿ ಸಾಗವಾನಿ ನೆಡಬೇಕು ಅಂತ ದಶಕಗಳ ಮುಂದಿನ ಲೆಕ್ಕ ಬರೆದರು. ತೇಗಕ್ಕೆ ಬೆಳೆಯಲು ಎಷ್ಟು ವರ್ಷ ಬೇಕೋ ಅಷ್ಟು ವರ್ಷ ಕಾಯುವ ತಾಳ್ಮೆ ಸರಕಾರಕ್ಕಿತ್ತು. ಕಾಡು ಸವರಿ ಸುಟ್ಟು ರಾಗಿ ಬಿತ್ತುತ್ತಿದ್ದ ಕುಮರಿಯವರ ಹೊಟ್ಟೆಗೆ ಒಂದು ಮಳೆಗಾಲ ಕಾಯುವ ತಾಳ್ಮೆ ಇರಲಿಲ್ಲ. ಅಡಿಕೆ ತೋಟದವರಿಗೆ ಎಕರೆ ತೋಟಕ್ಕೆ 9 ಎಕರೆ ತನಕ ಸೊಪ್ಪಿನ ಬೆಟ್ಟ ಅಂತ ಹಕ್ಕು ಸಿಕ್ಕಿತು. ಆ ಬೆಟ್ಟ ಹತ್ತಿ ಸೊಪ್ಪು ಕಡಿದು ಹೊರೆ ಇಳಿಸಿದವರಿಗೆ ಹಕ್ಕಿನ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ.

ಇವತ್ತು ನಮ್ಮ ಕೇರಿಯ ಮನೆಗಳಿಗೆ ಸರಕಾರಿ ಭಾಷೆಯಲ್ಲಿ ಅತಿಕ್ರಮಣ ಅಂತ ಹೆಸರು. 2006ರ ಅರಣ್ಯ ಹಕ್ಕು ಕಾಯ್ದೆ ಏನು ಹೇಳುತ್ತದೆ ಕೇಳಿ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸ್ವಾಧೀನದಲ್ಲಿದ್ದರೆ ಸಾಕು. ಯಲ್ಲಾಪುರದ ಸಿದ್ದಿಗಳು ಬಹಳ ವರ್ಷ ಹೋರಾಡಿ 2003ರಲ್ಲಿ ಆ ಪಟ್ಟಿಗೆ ಸೇರಿದ್ದರಿಂದ ಅವರಿಗೆ ಆ ದಾರಿ ಇದೆ. ಪರಿಶಿಷ್ಟ ಜಾತಿಯ ನಾವು ಕಾಯ್ದೆಯ ಕಣ್ಣಿಗೆ ‘ಇತರರು’. ಆ ತಾರೀಖಿಗೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲೇ ಬದುಕಿದ್ದೇವೆ ಅಂತ ರುಜು ಮಾಡಬೇಕು. 1930ರಿಂದ ಲೆಕ್ಕ ಕೊಡಬೇಕು. ಅಕ್ಷರ ಬಾರದ ಅಜ್ಜ ಯಾವ ಕಾಗದ ಇಟ್ಟಿರುತ್ತಾನೆ?

ಕರ್ನಾಟಕ ವಿಶ್ವವಿದ್ಯಾಲಯಕ್ಕೆ 2005ರಲ್ಲಿ 56 ವರ್ಷ. ನಮ್ಮನ್ನು ಅಳೆಯುವ ಕೋಲಿನಿಂದ ಅಳೆದರೆ ಛೋಟಾ ಮಹಾಬಳೇಶ್ವರದ ಮೇಲೆ ಅದೂ ಅತಿಕ್ರಮಣದಾರನೇ! ನಗೆ ಬಂದರೆ ನಗಿ. ಆದರೆ ನಕ್ಕಮೇಲೆ ಯೋಚನೆ ಮಾಡಿ. ಕಲ್ಲು ಕಟ್ಟಡಕ್ಕೆ ಮುಂದಿನ ಐವತ್ತು ವರ್ಷದ ಭರವಸೆ, ಮಣ್ಣಿನ ಗೋಡೆಗೆ ಹಿಂದಿನ 75 ವರ್ಷದ ಸಾಕ್ಷಿ. ಕಾಲವನ್ನೂ ಈ ದೇಶದಲ್ಲಿ ಜಾತಿ ನೋಡಿ ಹಂಚುತ್ತಾರೆ.

ನಮ್ಮ ಜಿಲ್ಲೆಗೆ ವಿಶ್ವವಿದ್ಯಾಲಯಗಳು ಏನನ್ನೂ ಕೊಡಲಿಲ್ಲ ಅಂತಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಶಿರಸಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಇದೆ. ಒಳ್ಳೆಯದೇ ಆಯಿತು. ಕಡಲು ಇದ್ದಲ್ಲಿ ಕಡಲಿನ ಓದು, ಕಾಡು ಇದ್ದಲ್ಲಿ ಕಾಡಿನ ಓದು. ಕಾಡಿನ ಒಳಗೆ ಬದುಕಿದವನ ಓದು ಎಲ್ಲಿ? ಮರದ ವಯಸ್ಸು ಅಳೆಯುವ ವಿದ್ಯೆ ಬಲ್ಲವರು ಕೇರಿಯ ವಯಸ್ಸನ್ನೂ ಅಳೆದು ಒಂದು ಕಾಗದ ಕೊಟ್ಟಿದ್ದರೆ ನಮ್ಮ ಅರ್ಜಿ ಗೆಲ್ಲುತ್ತಿತ್ತು.

*

ಹಾಗಾದರೆ ಬೇರೆ ಥರ ಯೋಜಿಸಿದವರು ಇಲ್ಲವೇ? ಇದ್ದಾರೆ. ಅದಕ್ಕೆ ಗಡಿಯಾಚೆ ಮರಾಠವಾಡಾಕ್ಕೆ ಹೋಗಬೇಕು.

1950ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡಕ್ಕೆ ಬಂದ ವರ್ಷವೇ, ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ ಔರಂಗಾಬಾದಿನಲ್ಲಿ ಕಾಲೇಜು ತೆರೆಯಿತು. ಆ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಅಂತ ಹೆಸರು. ಆಗ ಅದು ಹೈದರಾಬಾದ್ ರಾಜ್ಯದ ಹಿಂದುಳಿದ ಮೂಲೆ. 1951ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಅಡಿಗಲ್ಲು ಇಟ್ಟರು. ಬಾಬಾಸಾಹೇಬರು ಸಂವಿಧಾನ ಬರೆದು ಮುಗಿಸಿದ್ದ ಕಾಲ. ಮೈಗೆ ಸೌಖ್ಯವಿಲ್ಲ. ಆದರೂ ಅಲ್ಲಿಗೆ ಹೋಗಿ ನಿಂತು ಕಟ್ಟಡದ ಕೆಲಸ ನೋಡುತ್ತಿದ್ದರು. ಜಾಗಕ್ಕೆ ನಾಗಸೇನವನ ಅಂತ ಹೆಸರಾಯಿತು, ಕಾಲೇಜಿಗೆ ಮಿಲಿಂದ. ಮಿಲಿಂದ ಅನ್ನುವ ಗ್ರೀಕ್ ಅರಸ ಪ್ರಶ್ನೆ ಕೇಳಿದ, ನಾಗಸೇನ ಅನ್ನುವ ಭಿಕ್ಕು ಉತ್ತರ ಕೊಟ್ಟ. ಹೊಳೆಯನ್ನೂ ಬೆಟ್ಟವನ್ನೂ ಬಿಟ್ಟು, ಪ್ರಶ್ನೆ ಕೇಳುವವನ ಹೆಸರು ಕ್ಯಾಂಪಸ್ಸಿಗೆ ಬಂತು.

ಸೋಲಾಪುರದ ಹಾಸ್ಟೆಲಿನಿಂದ ಶುರುಮಾಡಿದ ಮನುಷ್ಯನಿಗೆ ಪಾಠದ ಕೋಣೆಗೂ ಮಲಗುವ ಕೋಣೆಗೂ ನಡುವೆ ಮೇಲು ಕೀಳು ಇರಲಿಲ್ಲ. ಕಾಲೇಜು, ಹಾಸ್ಟೆಲು, ಶಾಲೆ, ಗಿಡಮರ ಒಂದೇ ಆವರಣದಲ್ಲಿ ಬೆಳೆದವು. ಹಳ್ಳಿಯಿಂದ ಗಂಟು ಹೊತ್ತು ಬಂದ ಮಹಾರರ, ಮಾಂಗರ ಹುಡುಗರು ಅಲ್ಲಿ ಉಂಡು ಮಲಗಿ ಓದಿದರು. ಫಲ ಏನಾಯಿತು? ಅಲ್ಲಿಂದ ದಲಿತ ಸಾಹಿತ್ಯ ಎದ್ದಿತು. ಅದೇ ಕಾಲೇಜಿನ ಪ್ರಾಂಶುಪಾಲರಾಗಿದ್ದ ಎಂ.ಎನ್. ವಾನಖೇಡೆ, ಅಲ್ಲಿ ಪಾಠ ಹೇಳಿದ ಗಂಗಾಧರ ಪಾನತಾವಣೆ, ಅವರ ‘ಅಸ್ಮಿತಾದರ್ಶ’ ಪತ್ರಿಕೆ. ಇವು ಇಲ್ಲದಿದ್ದರೆ ನೀವು ಕೈಯಲ್ಲಿ ಹಿಡಿದಿರುವಂಥ ಪುಟ್ಟ ಪತ್ರಿಕೆಗಳೂ ಇರುತ್ತಿದ್ದವೋ ಇಲ್ಲವೋ. ಪಕ್ಕದಲ್ಲೇ 1958ರಲ್ಲಿ ಹುಟ್ಟಿದ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರರ ಹೆಸರಿಡಲು 1978ರಲ್ಲಿ ಶಾಸನ ಸಭೆ ಠರಾವು ಮಾಡಿತು. ಅದಕ್ಕೆ ಕೇರಿಗಳು ಸುಟ್ಟವು, ನಮ್ಮವರ ಹೆಣ ಬಿದ್ದವು. ಹೆಸರು ಬಂದದ್ದು 1994ರ ಜನವರಿ 14ಕ್ಕೆ. ಹದಿನಾರು ವರ್ಷ! ಕಲ್ಲಿನ ಮೇಲೆ ಹೆಸರು ಬರೆಯುವುದಕ್ಕೇ ಅಷ್ಟು ರಕ್ತ ಕೇಳುವ ಜನ ಮಂಚ ಹಾಕಿಸಿಕೊಡುತ್ತಾರೆಯೇ?

ನಮ್ಮಲ್ಲೂ ನೋಡಿ. ‘ಊರು ಕೇರಿ’ ಓದಿದವರಿಗೆ ಗೊತ್ತು, ಸಿದ್ಧಲಿಂಗಯ್ಯನವರನ್ನು ಬೆಳೆಸಿದ್ದು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು. ಭಾಷಣ ಕಲಿತದ್ದು, ಪದ್ಯ ಕಟ್ಟಿದ್ದು, ಸಂಗಾತಿಗಳು ಸಿಕ್ಕಿದ್ದು ಅಂಥ ಕೋಣೆಗಳಲ್ಲಿ. ದಲಿತ ಚಳುವಳಿಯ ಹೆರಿಗೆ ಕೋಣೆ ಯಾವುದು ಅಂದರೆ ನಾನು ಹಾಸ್ಟೆಲು ಅನ್ನುತ್ತೇನೆ. ಅಡುಗೆಯವನ ಸಂಗಡ ಜಗಳ, ಸೋರುವ ಮಾಡು, ತೆಳ್ಳಗಿನ ಸಾರು, ಒಂದು ಪುಸ್ತಕಕ್ಕೆ ಆರು ಜನ. ಅಲ್ಲಿಂದಲೇ ನಮಗೆ ದನಿ ಬಂತು.

*

ನನಗೆ ಒಬ್ಬಳು ಅಕ್ಕ. ಹತ್ತನೇ ತರಗತಿಯಲ್ಲಿ ನನಗಿಂತ ಹೆಚ್ಚು ಮಾರ್ಕ್ಸು ತೆಗೆದವಳು. ಘಟ್ಟದ ಮೇಲಿನ ಒಂದು ಪೇಟೆಯಲ್ಲಿ ಕಾಲೇಜು ಇತ್ತು, ಹೆಣ್ಣುಮಕ್ಕಳ ಹಾಸ್ಟೆಲೂ ಇತ್ತು. ಮಂಚ ಖಾಲಿ ಇರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಹೆಸರು ಬರೆದುಕೊಂಡರು. ನಿತ್ಯ ಹೋಗಿ ಬರಲು ಸಂಜೆಯ ಕೊನೇ ಬಸ್ಸು ನಮ್ಮ ತಿರುವಿಗೆ ಬರುವಾಗ ಕತ್ತಲು, ಅಲ್ಲಿಂದ ಕಾಡಿನ ದಾರಿ. ಅವ್ವ ಬೇಡವೆಂದಳು. ಆ ವರ್ಷದ ಸುಗ್ಗಿಗೆ ಅಕ್ಕ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯಲು ಶುರುಮಾಡಿದಳು. ಈಗಲೂ ಸುಲಿಯುತ್ತಾಳೆ, ಅಳತೆ ಲೆಕ್ಕದ ಕೂಲಿ. ಬೆರಳಿಗೆ ಅಡಿಕೆ ಚೊಗರು ಹತ್ತಿ ಕಪ್ಪಾಗಿದೆ. ಹಾಸ್ಟೆಲಿನ ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಕಾಯುತ್ತಿರಬಹುದು.

ನಮ್ಮಲ್ಲಿ ಮೊದಲ ಪದವೀಧರ ನಾನು ಅಂತ ಊರಲ್ಲಿ ಹೇಳುತ್ತಾರೆ. ಆಗಬೇಕಾಗಿದ್ದವಳು ಅವಳು. ನಮ್ಮಿಬ್ಬರ ನಡುವಿನ ಅಂತರ ಬುದ್ಧಿಯದಲ್ಲ, ಆರು ಅಡಿ ಉದ್ದ ಮೂರು ಅಡಿ ಅಗಲದ ಒಂದು ಮಂಚದ್ದು.

1944ರಿಂದ ನಮ್ಮವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ವೈಸರಾಯರ ಮಂಡಳಿಯಲ್ಲಿದ್ದಾಗ ಅಂಬೇಡ್ಕರರು ಪಟ್ಟು ಹಿಡಿದು ತಂದದ್ದರ ಫಲ ಅದು. ಮೀಸಲಾತಿ ಇದೆ. ಸೀಟು ಇದೆ, ದುಡ್ಡೂ ತಡವಾಗಿಯಾದರೂ ಬರುತ್ತದೆ. ಮಲಗುವ ಜಾಗ ಇಲ್ಲದಿದ್ದರೆ ಇವೆಲ್ಲ ಕಾಗದದ ಮೇಲೆ ಉಳಿಯುತ್ತವೆ, 1858ರಲ್ಲಿ ಲಂಡನ್ನಿನಿಂದ ಬಂದ ತತ್ವದ ಹಾಗೆ.

ಈಗ ಇನ್ನೊಂದು ಹೊಸ ವರಸೆ ಬಂದಿದೆ. 2023ರಲ್ಲಿ ಸರಕಾರ ಏಳು ಹೊಸ ವಿಶ್ವವಿದ್ಯಾಲಯ ತೆರೆಯಿತು. ಹಾವೇರಿ, ಬೀದರ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆ. ಧಾರವಾಡದಿಂದ ಹಾವೇರಿ ಬೇರೆಯಾಯಿತು. ಹೆಚ್ಚಿನ ಕಡೆ ಹಳೇ ಸ್ನಾತಕೋತ್ತರ ಕೇಂದ್ರಕ್ಕೇ ಹೊಸ ಬೋರ್ಡು. ಎರಡು ವರ್ಷ ಕಳೆಯುವುದರೊಳಗೆ, 2025ರ ಫೆಬ್ರುವರಿಯಲ್ಲಿ, ಮಂತ್ರಿಗಳ ಉಪಸಮಿತಿ ಕುಳಿತು ಒಂಬತ್ತು ವಿಶ್ವವಿದ್ಯಾಲಯ ಮುಚ್ಚಬಹುದು ಅಂತ ಶಿಫಾರಸು ಮಾಡಿತು. ಜಾಗ ಇಲ್ಲ, ಹಣ ಇಲ್ಲ, ಸಿಬ್ಬಂದಿ ಇಲ್ಲ ಅನ್ನುವುದು ಕಾರಣ.

ಇದರಲ್ಲಿ ನನಗೆ ಕಾಣುವುದು ಹೀಗೆ. ಉಳ್ಳವರ ಮಕ್ಕಳು ಓದುತ್ತಿದ್ದಾಗ ಸರಕಾರ ಐವತ್ತು ವರ್ಷ ಮುಂದೆ ನೋಡಿ ಏಳುನೂರು, ಸಾವಿರ ಎಕರೆ ಹಿಡಿಯಿತು. ಅವರ ಮಕ್ಕಳು ಖಾಸಗಿ ಕಾಲೇಜಿಗೆ, ಪರದೇಶಕ್ಕೆ ಹೋದಮೇಲೆ, ಕೇರಿಯ ಹುಡುಗ ಹುಡುಗಿಯರು ಗೇಟಿನ ಹತ್ತಿರ ಬರುವ ಹೊತ್ತಿಗೆ, ದೂರದೃಷ್ಟಿಗೆ ಪೊರೆ ಬಂತು. ಪಾವಟೆಯವರ ಕಾಲದ ದೂರದೃಷ್ಟಿ ನಮಗೂ ಬೇಕು. ಆದರೆ ಆ ಕಣ್ಣು ಗುಡ್ಡದ ಮೇಲಿನಿಂದ ಕೆಳಕ್ಕೆ ನೋಡಿದರೆ ಸಾಲದು, ಕೇರಿಯಿಂದ ಮೇಲಕ್ಕೆ ನೋಡಬೇಕು.

ನಾಳೆ ಘಟ್ಟದ ಮೇಲೆ, ಶಿರಸಿಯಲ್ಲೋ ಯಲ್ಲಾಪುರದಲ್ಲೋ, ಒಂದು ಕ್ಯಾಂಪಸ್ಸು ಎದ್ದರೆ ನಾವು ಕೇಳಬೇಕಾದದ್ದು ಇಷ್ಟು. ಮೊದಲ ಟೆಂಡರು ಹಾಸ್ಟೆಲಿನದಾಗಲಿ, ಅದರಲ್ಲಿ ಅರ್ಧಕ್ಕೆ ಕಡಿಮೆಯಾಗದಷ್ಟು ಹೆಣ್ಣುಮಕ್ಕಳದ್ದು. ಸೀಟಿನ ಸಂಖ್ಯೆ ಹೇಳುವಾಗ ಅದರ ಪಕ್ಕದಲ್ಲೇ ಮಂಚದ ಸಂಖ್ಯೆ ಬರೆಯಲಿ. ಆ ನೆಲದಲ್ಲಿ ಮೊದಲು ದನ ಮೇಯಿಸಿದವರು, ಸೊಪ್ಪು ತಂದವರು, ಗುಡಿಸಲು ಹಾಕಿದವರು ಯಾರು ಅಂತ ನಕ್ಷೆಯ ಮೇಲೆ ಹೆಸರು ಬೀಳಲಿ. ಗುಡಿಸುವವರ ಮನೆ ತಗ್ಗಿನ ತುದಿಗೆ ಹೋಗದಿರಲಿ. ಆಡಳಿತ ಭವನ ಕೊನೆಗೆ ಬರಲಿ. ಕುಲಪತಿಗಳು ಒಂದೆರಡು ವರ್ಷ ಹಂಚಿನ ಮಾಡಿನ ಕೆಳಗೆ ಕೂತು ರುಜು ಹಾಕಿದರೆ ವಿದ್ಯೆಗೆ ಕುಂದಿಲ್ಲ.

ಧಾರವಾಡದ ಗುಡ್ಡ ಇಳಿಯುವಾಗ ಸಂಜೆಯಾಗಿತ್ತು. ಹಾಸ್ಟೆಲಿನ ಕಡೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಕಿಟಕಿಯಲ್ಲಿ ಒಣಹಾಕಿದ ಟವೆಲು, ಯಾರೋ ಗಟ್ಟಿಯಾಗಿ ಓದುವ ದನಿ. ಅಷ್ಟು ಎಕರೆ ಜಾಗದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಕಟ್ಟಡ ಅದೇ ಅನ್ನಿಸಿತು. ಊರಿಗೆ ಬಂದು ಅಪ್ಪನಿಗೆ ಗುಡ್ಡದ ವರ್ಣನೆ ಮಾಡಿದೆ, ಗ್ರಂಥಾಲಯ, ಮರಗಳು, ರಸ್ತೆ ಎಲ್ಲ ಹೇಳಿದೆ. ಅವನು ಬೀಡಿ ಆರಿಸಿ ಕೇಳಿದ:

“ಅದೆಲ್ಲ ಅಡ್ಡಿಲ್ಲ ತಮಾ. ನಮ್ಮ ಕೂಸಿಗೆ ಒಂದು ಮಂಚ ಅಲ್ಲಿತ್ತಾ?”

ನಕ್ಷೆ ಬರೆಯುವವರೇ, ಉತ್ತರ ನೀವು ಹೇಳಿ.